ಏಳನೆಯ ದಿನದ ಹೆಪ್ಪು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯ ಮನೆಗಳಲ್ಲಿ ರಾತ್ರಿ ಊಟ ಮುಗಿದ ಮೇಲೂ ಹೆಣ್ಣುಮಕ್ಕಳಿಗೆ ಒಂದು ಕೆಲಸ ಬಾಕಿ ಇರುತ್ತದೆ. ಕಾಸಿ ಆರಿಸಿದ ಹಾಲಿಗೆ ಬೆರಳು ಅದ್ದಿ, ಉಗುರುಬೆಚ್ಚಗಾಗಿದೆ ಎಂದು ಖಾತ್ರಿ ಮಾಡಿಕೊಂಡು, ನಿನ್ನೆಯ ಮೊಸರನ್ನು ಒಂದೇ ಒಂದು ಚಮಚ ಬಿಟ್ಟು ಮುಚ್ಚಿಡುತ್ತಾರೆ. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಗಡಿಗೆ ಓರೆ ಮಾಡಿದರೂ ಚೆಲ್ಲದ ಮೊಸರು ಸಿದ್ಧ. ಹಾಲಿನ ನೀರು ಎಲ್ಲಿಗೂ ಹೋಗಿಲ್ಲ. ಬಿಡಿಬಿಡಿಯಾಗಿ ತೇಲುತ್ತಿದ್ದ ಪ್ರೋಟೀನ್ ಕಣಗಳು ಒಂದಕ್ಕೊಂದು ಅಂಟಿ ಬಲೆಯಾಗಿವೆ; ನೀರು ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡಿದೆ.

ಇದಕ್ಕೂ ಗಾಯದ ಮೇಲೆ ರಕ್ತ ಗಟ್ಟಿಯಾಗುವುದಕ್ಕೂ ಕನ್ನಡದಲ್ಲಿ ಒಂದೇ ಪದ: ಹೆಪ್ಪು. ಬರಿಗಣ್ಣಿನಿಂದ ಕಂಡ ಈ ಹೋಲಿಕೆ ಸೂಕ್ಷ್ಮದರ್ಶಕದ ಕೆಳಗೂ ನಿಲ್ಲುತ್ತದೆ. ನಮ್ಮ ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಸದಾ ಕರಗಿಕೊಂಡು ಹರಿಯುತ್ತಿರುತ್ತದೆ. ಥ್ರಾಂಬಿನ್ ಎಂಬ ಕಿಣ್ವ ಅದರ ತುಣುಕೊಂದನ್ನು ಕತ್ತರಿಸಿತೆಂದರೆ ಅದು ಫೈಬ್ರಿನ್ ಆಗಿ, ಎಳೆಗೆ ಎಳೆ ಕೂಡಿ ಬಲೆ ಹೆಣೆಯುತ್ತದೆ. ಆ ಬಲೆಯಲ್ಲಿ ಕೆಂಪು ಕಣ, ಪ್ಲೇಟ್‌ಲೆಟ್ಟು, ನೀರು ಎಲ್ಲ ಸಿಕ್ಕಿ ಮೆತ್ತನೆಯ ಗಡ್ಡೆಯಾಗುತ್ತದೆ. ಒಂದು ಚಮಚ ಮೊಸರು ಗಡಿಗೆ ಹಾಲನ್ನು ಬದಲಿಸುವ ಹಾಗೆ ಇಲ್ಲಿಯೂ ಸ್ವಲ್ಪವೇ ಸಾಕು. ಒಂದು ಕಿಣ್ವ ಇನ್ನೊಂದನ್ನು ಎಬ್ಬಿಸುತ್ತದೆ, ಎದ್ದದ್ದು ಮತ್ತೆ ಸಾವಿರವನ್ನು ಎಬ್ಬಿಸುತ್ತದೆ.

ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಹಾಲಿಗೆ ಹೆಪ್ಪು ಹೊರಗಿನಿಂದ ಬರಬೇಕು. ರಕ್ತದ ಹೆಪ್ಪು ನಾಳದ ಗೋಡೆಯ ಹಿಂದೆಯೇ ಬಚ್ಚಿಟ್ಟುಕೊಂಡು ಕೂತಿರುತ್ತದೆ. ಅದಕ್ಕೆ ಟಿಶ್ಯೂ ಫ್ಯಾಕ್ಟರ್ ಎಂದು ಹೆಸರು. ಗೋಡೆ ಹರಿದು ರಕ್ತ ಅದನ್ನು ಮುಟ್ಟುವವರೆಗೂ ಏನೂ ಆಗದು. ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ತೂತು ಮುಚ್ಚುತ್ತದೆ. ಕುಡುಗೋಲಿನಿಂದ ಬೆರಳು ಕೊಯ್ದುಕೊಂಡವರು ಬದುಕುವುದು ಇದರಿಂದಲೇ. ಕುಡುಗೋಲೂ ಇಲ್ಲದೆ, ಗಾಯವೂ ಇಲ್ಲದೆ, ಒಂದು ಉಸಿರಾಟದ ವೈರಸ್ಸು ಈ ಬಚ್ಚಿಟ್ಟ ಹೆಪ್ಪನ್ನು ರಕ್ತದೊಳಗೇ ಹಾಕಿಬಿಟ್ಟರೆ ಏನಾಗುತ್ತದೆ? 2020 ಮತ್ತು 2021ರಲ್ಲಿ ನಾವು ಕಂಡದ್ದು ಅದನ್ನೇ.

ದೇಶದ ಮೊದಲ ಕೋವಿಡ್ ಸಾವು ನಮ್ಮ ಪಕ್ಕದಲ್ಲೇ ಸಂಭವಿಸಿತು. ಭೀಮೆಯಾಚೆಗಿನ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಕಾರಣ ಕೊರೊನಾ ಎಂದು ಎರಡು ದಿನದ ಮೇಲೆ ಖಚಿತವಾಯಿತು. ಆಮೇಲೆ ಲಾಕ್‌ಡೌನ್. ದುಡಿಯಲು ಮುಂಬೈ, ಪುಣೆ, ಗೋವಾಕ್ಕೆ ಹೋಗಿದ್ದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮಂದಿ ಗಂಟುಮೂಟೆ ಹೊತ್ತು ಊರಿಗೆ ಮರಳಿದರು. ಸೊಲ್ಲಾಪುರ ರಸ್ತೆಯಲ್ಲಿ ಭೀಮಾ ಸೇತುವೆಯ ಬಳಿಯ ಧೂಳಖೇಡ ತನಿಖಾ ಠಾಣೆ ಆ ದಿನಗಳಲ್ಲಿ ನಾಡಿನ ಬಾಗಿಲಾಗಿತ್ತು. ಆದರೂ ಮೊದಲ ವರ್ಷ ಹಳ್ಳಿಗಳು ಬಹುಮಟ್ಟಿಗೆ ಉಳಿದುಕೊಂಡವು. ಮನೆಮನೆಗೂ ರೋಗ ನುಗ್ಗಿದ್ದು 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ.

ವಿಜಯಪುರ ಸೀಮೆಯಲ್ಲಿ ಜ್ವರ ಬಹುವಚನ. ‘ಜ್ವರಾ ಬಂದಾವ್ರಿ’ ಎನ್ನುತ್ತಾರೆ. ಬಂದವು, ಮೈ ನುಗ್ಗುನುಸಿಯಾಯಿತು, ಬಾಯಿ ರುಚಿ ಹೋಯಿತು. ನಾಲ್ಕೈದು ದಿನ ಕಷಾಯ, ಗುಳಿಗೆ, ಹತ್ತಿರದ ದವಾಖಾನೆಯಲ್ಲಿ ಒಂದು ಸಲಾಯಿನ್. ಜ್ವರ ಇಳಿದವು. ಮನೆಯವರು ಗೆದ್ದೆವು ಎಂದುಕೊಂಡರು. ಆರನೆಯದೋ ಏಳನೆಯದೋ ದಿನ ಬಚ್ಚಲಿಗೆ ಹೋಗಿ ಬಂದವರು ಗೋಡೆ ಹಿಡಿದು ನಿಂತರು: ‘ಯಾಕೋ ದಮ್ಮು ಹತ್ತತದ.’ ಕೆಲವರಿಗೆ ಅಷ್ಟೂ ಅನ್ನಿಸಲಿಲ್ಲ. ಮಾತಾಡುತ್ತ, ಫೋನ್ ನೋಡುತ್ತ ಕೂತಿದ್ದವರ ಬೆರಳಿಗೆ ಆಕ್ಸಿಮೀಟರ್ ಹಚ್ಚಿದರೆ 80ರ ಆಸುಪಾಸಿನ ಅಂಕಿ. 94ಕ್ಕಿಂತ ಕೆಳಗೆ ಬಂದರೆ ದವಾಖಾನೆಗೆ ಹೋಗಿ ಎಂದು ಆಗ ಹಳ್ಳಿಹಳ್ಳಿಗೂ ಸಾರಿದ್ದರು. ಆ ಪುಟ್ಟ ಯಂತ್ರದ ಮೂಲ ತತ್ವವನ್ನು 1970ರ ದಶಕದಲ್ಲಿ ಕಂಡುಹಿಡಿದ ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ, ಜಗತ್ತೆಲ್ಲ ಅದಕ್ಕಾಗಿ ಪರದಾಡತೊಡಗಿದ ಹೊತ್ತಿನಲ್ಲೇ, 2020ರ ಏಪ್ರಿಲ್ 18ರಂದು ತೀರಿಕೊಂಡರು.

ಈ ಏಳನೆಯ ದಿನವನ್ನು ಅರ್ಥ ಮಾಡಿಕೊಳ್ಳದೆ ಆ ರೋಗ ಅರ್ಥವಾಗದು. ಜ್ವರ ಇಳಿಯುವುದೆಂದರೆ ರೋಗ ಇಳಿಯುವುದು ಎಂಬುದು ನಮ್ಮ ತಲೆತಲಾಂತರದ ಲೆಕ್ಕ. ಬಹಳಷ್ಟು ಜ್ವರಗಳಲ್ಲಿ ಸರಿಹೋಗುತ್ತಿದ್ದ ಲೆಕ್ಕ. ಇಲ್ಲಿ ಅದು ತಪ್ಪಿತು. ಮೊದಲ ವಾರ ಮೈಯೊಳಗೆ ಮುಖ್ಯವಾಗಿ ವೈರಸ್ಸಿನ ಓಡಾಟ. ಎರಡನೆಯ ವಾರದ ಹೊತ್ತಿಗೆ ವೈರಸ್ಸು ಇಳಿಮುಖವಾಗಿರುತ್ತದೆ. ಆಗ ಮೈಯೇ ಮೈಯ ಮೇಲೆ ಎದ್ದಿರುತ್ತದೆ.

ಕೊರೊನಾ ವೈರಸ್ಸು ನಮ್ಮ ಕೋಶದ ಮೇಲಿನ ಎಸಿಇ-2 ಎಂಬ ಪ್ರೋಟೀನನ್ನು ಹಿಡಿದು ಒಳಗೆ ಹೋಗುತ್ತದೆ. ವೈರಸ್ಸಿಗೆ ಬಾಗಿಲಾಗುವುದು ಆ ಪ್ರೋಟೀನಿನ ಕೆಲಸವಲ್ಲ. ರಕ್ತನಾಳಗಳನ್ನು ಬಿಗಿಯುವ, ಉರಿಯೂತಕ್ಕೆ ಕುಮ್ಮಕ್ಕು ಕೊಡುವ ಆಂಜಿಯೊಟೆನ್ಸಿನ್-2 ಎಂಬ ಹಾರ್ಮೋನನ್ನು ಒಡೆದು ಸೌಮ್ಯಗೊಳಿಸುವುದು ಅದರ ದಿನದ ದುಡಿಮೆ. ವೈರಸ್ಸು ಒಳಹೋಗುವಾಗ ಈ ಕಾವಲುಗಾರನೂ ಜೊತೆಗೆ ಒಳಸೇರಿ ಕೆಲಸದಿಂದ ತಪ್ಪಿಹೋಗುತ್ತಾನೆ. ಇನ್ನೊಂದು ಕಡೆ, ಸೋಂಕು ತಗುಲಿದ ಕೋಶ ಸುತ್ತಲಿನವರನ್ನು ಎಚ್ಚರಿಸಲು ಹೊರಡಿಸುವ ಮೊದಲ ಕೂಗು ಇಂಟರ್‌ಫೆರಾನ್. ಈ ವೈರಸ್ಸಿನ ಹಲವು ಪ್ರೋಟೀನ್‌ಗಳಿಗೆ ಆ ಕೂಗನ್ನು ಅದುಮುವ ವಿದ್ಯೆ ಗೊತ್ತು. ತೀವ್ರವಾಗಿ ಬಳಲಿದವರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನ್‌ಗೆ ವಿರುದ್ಧವಾದ ಪ್ರತಿಕಾಯಗಳಿದ್ದವು ಎಂದು 2020ರಲ್ಲೇ ತಿಳಿಯಿತು. ಮೊದಲ ಕೂಗು ತಡವಾದರೆ ವೈರಸ್ಸು ಬೆಳೆಯುತ್ತದೆ. ಆಮೇಲೆ ಏಳುವ ಕೂಗು ಊರಿಗೆ ಊರನ್ನೇ ಎಬ್ಬಿಸಿಬಿಡುತ್ತದೆ.

ಉರಿಯೂತ ಎಂಬ ಪದ ನನಗೆ ಇಷ್ಟ. ಉರಿ ಮತ್ತು ಊತ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೆಲ್ಸಸ್ ಕೆಂಪು, ಊತ, ಬಿಸಿ, ನೋವು ಎಂದು ನಾಲ್ಕು ಲಕ್ಷಣ ಬರೆದಿಟ್ಟ. ನಮ್ಮ ಒಂದು ಪದದಲ್ಲಿ ಅವುಗಳ ಅರ್ಧ ಇದೆ. ಮುಳ್ಳು ಚುಚ್ಚಿದ ಬೆರಳು ಉಬ್ಬುವುದು ಒಳ್ಳೆಯದಕ್ಕೇ. ನಾಳಗಳು ಸಡಿಲಗೊಂಡು, ಗೋಡೆಯ ಕೋಶಗಳ ನಡುವೆ ಸಂದು ಬಿಟ್ಟು, ಬಿಳಿ ರಕ್ತಕಣಗಳು ಆ ಜಾಗಕ್ಕೆ ಇಳಿಯುತ್ತವೆ. ಬೆರಳಿನಲ್ಲಿ ಊತಕ್ಕೆ ಜಾಗವಿದೆ. ಶ್ವಾಸಕೋಶದಲ್ಲಿ ಇಲ್ಲ. ಅಲ್ಲಿ ಮೂವತ್ತರಿಂದ ಐವತ್ತು ಕೋಟಿ ಗಾಳಿಗೂಡುಗಳಿವೆ. ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳು. ಕೂದಲೆಳೆಗಿಂತ ಎಷ್ಟೋ ಪಟ್ಟು ಕಿರಿದಾದ ನಾಳಗಳಲ್ಲಿ ಕೆಂಪು ಕಣಗಳು ಬಾಗಿ ಬಳುಕಿ ಒಂದರ ಹಿಂದೊಂದು ಸಾಗುತ್ತವೆ. ಇಂಥಲ್ಲಿ ಊತ ಬಂದರೆ ಗೂಡಿಗೆ ನೀರು ತುಂಬುತ್ತದೆ. 1918ರಲ್ಲಿ ಆಗಿನ ಮುಂಬಯಿ ಪ್ರಾಂತವನ್ನು, ಅದರಲ್ಲಿದ್ದ ನಮ್ಮ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯನ್ನೂ ಸೇರಿಸಿ, ಬಡಿದ ಇನ್‌ಫ್ಲುಯೆಂಜಾದಲ್ಲಿ ರೋಗಿಗಳ ತುಟಿ, ಮುಖ ನೀಲಿಗಟ್ಟಿದ್ದು ಹೀಗೆ ತುಂಬಿಕೊಂಡ ಶ್ವಾಸಕೋಶದಿಂದ. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಮುಂಬಯಿ ಪ್ರಾಂತವೊಂದರಲ್ಲೇ ಹತ್ತು ಲಕ್ಷದಷ್ಟು ಜನ ಸತ್ತರು.

ಕೋವಿಡ್‌ನಲ್ಲಿ ಊತದ ಜೊತೆಗೆ ಹೆಪ್ಪೂ ಇತ್ತು. ಕೋವಿಡ್‌ನಿಂದ ತೀರಿಕೊಂಡ 7 ಮಂದಿಯ ಶ್ವಾಸಕೋಶವನ್ನು ಇನ್‌ಫ್ಲುಯೆಂಜಾದಿಂದ ತೀರಿಕೊಂಡವರ ಶ್ವಾಸಕೋಶದ ಜೊತೆ ಹೋಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಗಾಳಿಗೂಡುಗಳ ಸುತ್ತಲಿನ ಸೂಕ್ಷ್ಮ ನಾಳಗಳಲ್ಲಿ ಕಿರುಹೆಪ್ಪುಗಳು ಕೋವಿಡ್ ರೋಗಿಗಳಲ್ಲಿ 9 ಪಟ್ಟು ಹೆಚ್ಚಿದ್ದವು. ವುಹಾನ್‌ನ ವೈದ್ಯರು ಅದಕ್ಕೂ ಮೊದಲೇ, ಆ ವರ್ಷದ ಫೆಬ್ರವರಿಯಲ್ಲಿ, 183 ರೋಗಿಗಳ ಲೆಕ್ಕ ಕೊಟ್ಟಿದ್ದರು: ಸತ್ತವರಲ್ಲಿ ನೂರಕ್ಕೆ 71 ಮಂದಿಯಲ್ಲಿ ಮೈತುಂಬ ಹೆಪ್ಪುಗಟ್ಟುವ ವಿಕಾರದ ಲಕ್ಷಣಗಳಿದ್ದವು, ಬದುಕಿದವರಲ್ಲಿ ನೂರಕ್ಕೆ ಒಬ್ಬರಲ್ಲೂ ಇರಲಿಲ್ಲ. ಗಾಳಿಗೂಡಿನಲ್ಲಿ ಗಾಳಿ ಇದ್ದರೂ ಅದರ ಪಕ್ಕ ರಕ್ತ ಹರಿಯದಿದ್ದರೆ ಆ ಗಾಳಿ ವ್ಯರ್ಥ. ಸಿಲಿಂಡರಿನ ಆಕ್ಸಿಜನ್ ಕೊಟ್ಟರೂ ಕೆಲವರ ಅಂಕಿ ಮೇಲೇಳದೆ ಹೋದುದಕ್ಕೆ ಇದೂ ಒಂದು ಕಾರಣ.

ಹೆಪ್ಪು ಯಾವಾಗ ತಪ್ಪು ಜಾಗದಲ್ಲಿ ಕಟ್ಟುತ್ತದೆ ಎಂಬ ಪ್ರಶ್ನೆಗೆ ಜರ್ಮನಿಯ ರುಡಾಲ್ಫ್ ವಿರ್ಕೊ 19ನೆಯ ಶತಮಾನದ ನಡುವಿನಲ್ಲಿ ದಾರಿ ತೋರಿಸಿದ. ಅವನ ಹೆಸರಿನಲ್ಲೇ ಇಂದಿಗೂ ವೈದ್ಯ ವಿದ್ಯಾರ್ಥಿಗಳು ಮೂರು ಮಾತು ಬಾಯಿಪಾಠ ಮಾಡುತ್ತಾರೆ: ನಾಳದ ಗೋಡೆ ಕೆಡಬೇಕು, ರಕ್ತದ ಹರಿವು ನಿಧಾನವಾಗಬೇಕು, ರಕ್ತವೇ ಮಂದವಾಗಬೇಕು. ಕೋವಿಡ್ ಮೂರನ್ನೂ ಒಟ್ಟಿಗೆ ತಂದಿತು.

ಗೋಡೆಯ ಮಾತು ದೊಡ್ಡದು. ನಾಳಗಳ ಒಳಮೈಗೆ ಒಂದೇ ಒಂದು ಕೋಶದಷ್ಟು ದಪ್ಪದ ಪದರವಿದೆ, ಎಂಡೋಥೀಲಿಯಮ್. ಗಾರೆ ನೆಲದಂತೆ ಸುಮ್ಮನೆ ಬಿದ್ದಿರುವ ಪದರವಲ್ಲ ಇದು. ಇದರ ಮೇಲೆ ಸಕ್ಕರೆ ಎಳೆಗಳ ಸಣ್ಣ ಹುಲ್ಲುಹಾಸಿದೆ. ಹೆಪ್ಪನ್ನು ತಡೆಯುವ ವಸ್ತುಗಳು ಅದರಲ್ಲಿ ನೆಲೆಸಿರುತ್ತವೆ. ಪ್ಲೇಟ್‌ಲೆಟ್ಟುಗಳನ್ನು ದೂರವಿಡಲು ಇದು ನೈಟ್ರಿಕ್ ಆಕ್ಸೈಡ್ ಬಿಡುತ್ತಿರುತ್ತದೆ. ಉರಿಯೂತದ ಸುದ್ದಿ ತಲುಪಿದಾಗ ಇದೇ ಪದರ ಪಕ್ಷ ಬದಲಿಸುತ್ತದೆ. ಹುಲ್ಲುಹಾಸು ಉದುರುತ್ತದೆ, ಪ್ಲೇಟ್‌ಲೆಟ್ಟುಗಳನ್ನು ಅಂಟಿಸುವ ಉದ್ದನೆಯ ಪ್ರೋಟೀನ್ ಹಗ್ಗಗಳು ಹೊರಬರುತ್ತವೆ, ಹೆಪ್ಪು ಕರಗಿಸುವ ವ್ಯವಸ್ಥೆಗೆ ಬೀಗ ಬೀಳುತ್ತದೆ. ವರ್ಷಗಟ್ಟಲೆ ಶುಗರ್, ಬಿಪಿ ಇದ್ದವರಲ್ಲಿ ಈ ಪದರ ಮೊದಲೇ ಸವೆದಿರುತ್ತದೆ. ಹಿರಿಯರು, ಶುಗರ್ ಇದ್ದವರು ಹೆಚ್ಚು ಬಲಿಯಾದುದು ಬರೀ ಅಶಕ್ತತೆಯಿಂದಲ್ಲ, ಅವರ ನಾಳಗಳ ಒಳಗೋಡೆಯ ಈ ಸವೆತದಿಂದಲೂ.

ಇನ್ನು ರಕ್ತ. ಉರಿಯೂತದ ಕೂಗುಗಳಲ್ಲಿ ಒಂದಾದ ಇಂಟರ್‌ಲ್ಯೂಕಿನ್-6 ಯಕೃತ್ತಿಗೆ ತಲುಪಿ ಹೆಚ್ಚು ಫೈಬ್ರಿನೋಜೆನ್ ಮಾಡು ಎಂದು ಆಜ್ಞೆ ಕೊಡುತ್ತದೆ. ರಕ್ತ ಮಂದವಾಗುತ್ತದೆ. ಮಾನೊಸೈಟ್ ಎಂಬ ಬಿಳಿ ಕಣಗಳು, ಗೋಡೆಯ ಹಿಂದೆ ಮಾತ್ರ ಇರಬೇಕಾಗಿದ್ದ ಟಿಶ್ಯೂ ಫ್ಯಾಕ್ಟರನ್ನು ತಮ್ಮ ಮೈಮೇಲೇ ಹೊತ್ತು ರಕ್ತದಲ್ಲಿ ತಿರುಗತೊಡಗುತ್ತವೆ. ಬಚ್ಚಿಟ್ಟ ಹೆಪ್ಪು ಗಡಿಗೆಗೆ ಬಿತ್ತು. ನ್ಯೂಟ್ರೊಫಿಲ್ ಎಂಬ ಮತ್ತೊಂದು ಬಗೆಯ ಬಿಳಿ ಕಣ ಇನ್ನೂ ವಿಚಿತ್ರ ಕೆಲಸ ಮಾಡುತ್ತದೆ. ತನ್ನ ಹೊಟ್ಟೆಯನ್ನೇ ಸೀಳಿಕೊಂಡು ಒಳಗಿನ ಡಿಎನ್‌ಎಯನ್ನು ಬಲೆಯಂತೆ ಬೀಸುತ್ತದೆ. 2004ರಲ್ಲಿ ಬರ್ಲಿನ್‌ನ ವಿಜ್ಞಾನಿಗಳು ಇದನ್ನು ಮೊದಲು ತೋರಿಸಿದಾಗ, ಬ್ಯಾಕ್ಟೀರಿಯಾ ಹಿಡಿಯಲು ಪ್ರಾಣ ಕೊಡುವ ಸೈನಿಕನಂತೆ ಅದು ಕಂಡಿತು. ಆದರೆ ಆ ಡಿಎನ್‌ಎ ಎಳೆಗಳ ಮೇಲೆ ಪ್ಲೇಟ್‌ಲೆಟ್ಟುಗಳೂ ಫೈಬ್ರಿನ್ನೂ ಹಬ್ಬುತ್ತವೆ, ಚಪ್ಪರಕ್ಕೆ ಬಳ್ಳಿ ಹಬ್ಬಿದ ಹಾಗೆ. ಹೀಗೆ ಹುಟ್ಟಿದ ಥ್ರಾಂಬಿನ್ ಹೆಪ್ಪು ಕಟ್ಟಿ ಸುಮ್ಮನಾಗುವುದಿಲ್ಲ. ನಾಳದ ಕೋಶಗಳನ್ನು ತಟ್ಟಿ ಮತ್ತಷ್ಟು ಉರಿಯೂತ ಎಬ್ಬಿಸುತ್ತದೆ. ಉರಿಯಿಂದ ಹೆಪ್ಪು, ಹೆಪ್ಪಿನಿಂದ ಉರಿ.

ನಿಸರ್ಗ ಇವೆರಡನ್ನು ಕೂಡಿಸಿದ್ದು ಏಕೆ ಎಂದು ಕೇಳಬಹುದು. ಕಾಲುವೆ ಒಡೆದ ದಿನ ನೆನಪಿಸಿಕೊಳ್ಳಿ. ಆಲಮಟ್ಟಿ ಎಡದಂಡೆಯ ಮುದ್ದೇಬಿಹಾಳದವರಿಗೂ ಮುಳವಾಡ ಏತ ನೀರಾವರಿಯ ಬಾಗೇವಾಡಿಯವರಿಗೂ ಇದು ಗೊತ್ತಿರುವ ಸಂಗತಿ. ಏರಿ ಒಡೆದಲ್ಲಿ ಮಣ್ಣಿನ ಚೀಲ, ಕಲ್ಲು, ಜಾಲಿಕಂಟಿ, ಸಿಕ್ಕದ್ದನ್ನೆಲ್ಲ ತುರುಕಿ ನೀರು ನಿಲ್ಲಿಸುತ್ತಾರೆ. ಹೆಪ್ಪು ಅದೇ ಕೆಲಸ ಮಾಡುತ್ತದೆ, ಜೊತೆಗೆ ರೋಗಾಣು ಮುಂದೆ ಹರಿಯದಂತೆ ಅಲ್ಲೇ ಗೋಡೆ ಕಟ್ಟುತ್ತದೆ. ಒಂದು ಜಾಗದಲ್ಲಿ ಗಾಯ, ಒಂದು ಜಾಗದಲ್ಲಿ ಸೋಂಕು ಇರುವವರೆಗೂ ಇದು ವರವೇ. ಈಗ ಎಲ್ಲೋ ಕೂಗು ಕೇಳಿ, ಪ್ರತಿ ಹೊಲದವನೂ ತನ್ನ ಮುಂದಿನ ಕಿರುಗಾಲುವೆಗೆ ಮಣ್ಣು ತುಂಬಿದನೆಂದು ಇಟ್ಟುಕೊಳ್ಳಿ. ಆಣೆಕಟ್ಟು ತುಂಬಿರುತ್ತದೆ, ಮುಖ್ಯ ಕಾಲುವೆ ತುಂಬಿರುತ್ತದೆ, ಕೊನೆಯ ಹೊಲಕ್ಕೆ ಮಾತ್ರ ನೀರಿಲ್ಲ. ಇಂಡಿ ಶಾಖಾ ಕಾಲುವೆಯ ಕೊನೆಯ ಊರುಗಳ ರೈತರಿಗೆ ಆ ನೋವನ್ನು ಯಾರೂ ವಿವರಿಸಬೇಕಿಲ್ಲ. ಶ್ವಾಸಕೋಶದ ಸೂಕ್ಷ್ಮ ನಾಳಗಳು, ಕಿಡ್ನಿಯ ನಾಳಗಳು, ಹೃದಯದ ಕೊನೆಯ ಕವಲುಗಳು ಹೀಗೆಯೇ ಬತ್ತಿದವು. ಕಾಲಿನ ಆಳದ ನಾಳದಲ್ಲಿ ಕಟ್ಟಿದ ದೊಡ್ಡ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಬಡಿದು ಸತ್ತವರೂ ಇದ್ದರು. ಗುಣವಾಗಿ ಮನೆಗೆ ಬಂದವರು ಹತ್ತಾರು ದಿನದ ಮೇಲೆ ಎದೆ ಹಿಡಿದುಕೊಂಡು ಕುಸಿದ ಸುದ್ದಿ ಆಗ ನಾವೆಲ್ಲ ಕೇಳಿದ್ದೇವೆ.

ಔಷಧಿ ಇರಲಿಲ್ಲವೇ? ಇತ್ತು, ಅದೂ ಹಳೆಯದೇ, ಅಗ್ಗದ್ದೇ. ಉರಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್. ಹೆಪ್ಪಿಗೆ ಹೆಪಾರಿನ್, 1916ರಲ್ಲಿ ಅಮೆರಿಕದ ವೈದ್ಯ ವಿದ್ಯಾರ್ಥಿ ಜೇ ಮೆಕ್ಲೀನ್ ಅದರ ಜಾಡು ಹಿಡಿದ. ಆದರೆ ಎರಡಕ್ಕೂ ಹೊತ್ತು ಮುಖ್ಯ. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪರೀಕ್ಷೆ ಹೇಳಿದ್ದು ಇಷ್ಟು: ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟಾಗ, ವೆಂಟಿಲೇಟರ್‌ನಲ್ಲಿದ್ದವರ ಸಾವು 100ಕ್ಕೆ 41ರಿಂದ 29ಕ್ಕೆ ಇಳಿಯಿತು. ಆಕ್ಸಿಜನ್ ಮೇಲಿದ್ದವರಿಗೆ ಸ್ವಲ್ಪ ಲಾಭವಾಯಿತು. ಆಕ್ಸಿಜನ್ ಬೇಕಾಗದವರಿಗೆ ಲಾಭವಾಗಲಿಲ್ಲ. ಅವರಲ್ಲಿ ಔಷಧಿ ಪಡೆದವರ ಸಾವು 18ರ ಹತ್ತಿರ, ಪಡೆಯದವರದು 14. ಉರಿ ಅತಿಯಾಗುವ ಮೊದಲೇ ನೀರೆರಚಿದರೆ ವೈರಸ್ಸನ್ನು ಸುಡಬೇಕಾದ ಬೆಂಕಿಯೇ ಆರಿಹೋಗುತ್ತದೆ. ಹೆಪಾರಿನ್‌ದು ಇದಕ್ಕೆ ತಿರುಗುಮುರುಗು. 2021ರ ಆಗಸ್ಟಿನಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳ ಪ್ರಕಾರ, ಅದರ ಪೂರ್ಣ ಪ್ರಮಾಣದಿಂದ ಪ್ರಯೋಜನವಾದದ್ದು ದವಾಖಾನೆ ಸೇರಿದ್ದರೂ ಇನ್ನೂ ಐಸಿಯು ಮುಟ್ಟದವರಿಗೆ. ಐಸಿಯು ಸೇರಿದವರಿಗೆ ಆಗಲಿಲ್ಲ. ಕಾಲುವೆಗಳೆಲ್ಲ ಮಣ್ಣು ತುಂಬಿದ ಮೇಲೆ ಹೊಸ ಮಣ್ಣು ಬೀಳದಂತೆ ತಡೆದು ಏನು ಫಲ?

ಇದನ್ನು ನಾನು ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಿಂದ ಜಿಲ್ಲಾ ಕೇಂದ್ರ ವಿಜಯಪುರಕ್ಕೆ ಸುಮಾರು 40ರಿಂದ 80 ಕಿಲೊಮೀಟರ್. ಹಳ್ಳಿಯಿಂದ ತಾಲ್ಲೂಕಿಗೆ ಬರುವ ದಾರಿ ಬೇರೆ. ಐದನೆಯ ದಿನ ಜ್ವರ ಇಳಿದಾಗ ‘ಆರಾಮಾತು’ ಎಂದು ಕೂತವರು, ಎಂಟನೆಯ ದಿನ ಗಾಡಿ ಹುಡುಕಿ, ಬೆಡ್ ಹುಡುಕಿ, ಒಂಬತ್ತನೆಯ ದಿನ ಒಳಗೆ ಸೇರುವಾಗ ಹೆಪಾರಿನ್ನಿನ ಹೊತ್ತು ಮೀರಿರುತ್ತಿತ್ತು. ಇತ್ತ ಎರಡನೆಯ ದಿನವೇ ಜ್ವರ ಬೇಗ ಬಿಡಲೆಂದು ಸ್ಟಿರಾಯ್ಡ್ ಗುಳಿಗೆ ನುಂಗಿದವರಿಗೆ ಅದರ ಹೊತ್ತು ಬಂದಿರುತ್ತಿರಲಿಲ್ಲ. ಶುಗರ್ ಇದ್ದು, ಸ್ಟಿರಾಯ್ಡಿನಿಂದ ಅದು ಇನ್ನಷ್ಟು ಏರಿದವರಲ್ಲಿ ಕೆಲವರಿಗೆ 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ಅಂಟಿತು. ಅದೂ ರಕ್ತನಾಳದ ರೋಗವೇ. ಆ ಶಿಲೀಂಧ್ರದ ಎಳೆಗಳು ನಾಳದ ಗೋಡೆ ಕೊರೆದು ಒಳಗೆ ಹೆಪ್ಪು ಕಟ್ಟಿಸುತ್ತವೆ. ರಕ್ತ ಸಿಗದ ಮೂಗಿನ, ಕಣ್ಣಿನ ಸುತ್ತಲಿನ ಮಾಂಸ ಸತ್ತು ಕರಿದಾಗುತ್ತದೆ. ಹೆಸರಿನಲ್ಲಿರುವ ಕಪ್ಪು ಸತ್ತ ಮಾಂಸದ ಬಣ್ಣ.

ವೈರಸ್ಸಿನಿಂದ ಹೆಪ್ಪು ಎಂಬುದು ಕೊರೊನಾದೊಂದಿಗೆ ಹುಟ್ಟಿದ್ದೂ ಅಲ್ಲ, ಹೋದದ್ದೂ ಅಲ್ಲ. ಕೆನಡಾದ ಆಂಟೇರಿಯೊದಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್‌ಫ್ಲುಯೆಂಜಾ ಖಚಿತವಾದ ಮೊದಲ ವಾರದಲ್ಲಿ ಹೃದಯಾಘಾತದ ಸಂಭವ ಉಳಿದ ದಿನಗಳಿಗಿಂತ 6 ಪಟ್ಟು ಇತ್ತು. ಚಳಿಗಾಲದ ‘ನೆಗಡಿ ಜ್ವರ’ದ ನಂತರ ಮನೆಯ ಹಿರಿಯರ ಎದೆ ನೋವನ್ನು ವಾಯು ಎಂದು ತಳ್ಳಿಹಾಕುವ ಮೊದಲು ಆ ಅಂಕಿ ನೆನಪಿರಬೇಕು.

ಕೊನೆಗೆ ಲಿಂಬೆಹಣ್ಣಿನ ಮಾತು. ಇಂಡಿ ಲಿಂಬೆಯ ಊರು. ಜಿಐ ಮಾನ್ಯತೆ ಪಡೆದ ಹಣ್ಣು, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಅಲ್ಲೇ. 2021ರ ಏಪ್ರಿಲ್‌ನಲ್ಲಿ ಮೂಗಿಗೆ ಲಿಂಬೆರಸ ಬಿಟ್ಟುಕೊಂಡರೆ ಆಕ್ಸಿಜನ್ ಏರುತ್ತದೆ ಎಂಬ ಮಾತು ಉತ್ತರ ಕರ್ನಾಟಕದ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಹಾಗೆ ಮಾಡಿಕೊಂಡು ಜೀವ ಕಳೆದುಕೊಂಡವರ ಸುದ್ದಿಯೂ ಬಂತು. ಅದರಿಂದ ಆಕ್ಸಿಜನ್ ಏರುವುದಿಲ್ಲ. ಲಿಂಬೆಗೂ ಈ ರೋಗಕ್ಕೂ ನಿಜವಾದ ನಂಟು ಇರುವುದು ಬೇರೊಂದು ಕಡೆ.

1784ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ ಲಿಂಬೆಯ ಜಾತಿಯ ಹಣ್ಣಿನ ರಸದಿಂದ ಹುಳಿಯನ್ನು ಹರಳಾಗಿ ಬೇರ್ಪಡಿಸಿದ. ಅದು ಸಿಟ್ರಿಕ್ ಆಮ್ಲ. ಅದರ ಲವಣ ಸೋಡಿಯಂ ಸಿಟ್ರೇಟ್ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಇಲ್ಲದೆ ಹೆಪ್ಪಿನ ಕಿಣ್ವಗಳು ಒಂದನ್ನೊಂದು ಎಬ್ಬಿಸಲಾರವು. 1914ರಲ್ಲಿ ಬೆಲ್ಜಿಯಂನ ಆಲ್ಬರ್ಟ್ ಹುಸ್ಟಿನ್, ಅರ್ಜೆಂಟೀನಾದ ಲೂಯಿಸ್ ಅಗೋಟೆ ಸಿಟ್ರೇಟ್ ಬೆರೆಸಿದ ರಕ್ತವನ್ನು ಬೇರೆಯವರಿಗೆ ಕೊಟ್ಟು ತೋರಿಸಿದರು. ಕುಡಿದ ಪಾನಕದ ಸಿಟ್ರೇಟನ್ನು ಮೈ ಸುಟ್ಟು ಶಕ್ತಿಯಾಗಿಸಿಬಿಡುತ್ತದೆ, ರಕ್ತ ತೆಳುವಾಗುವುದಿಲ್ಲ. ಮೈಯಿಂದ ಹೊರಗೆ ತೆಗೆದ ರಕ್ತದಲ್ಲಿ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಎರಡನೆಯ ಅಲೆಯ ದಿನಗಳಲ್ಲಿ ಡಾಕ್ಟರು ‘ಡಿ-ಡೈಮರ್ ಮಾಡಿಸ್ಕೊಂಡು ಬರ್ರಿ’ ಎಂದಾಗ ನರ್ಸ್ ತೋಳಿನಿಂದ ರಕ್ತ ತೆಗೆದು ತುಂಬಿದ್ದು ನೀಲಿ ಮುಚ್ಚಳದ ಒಂದು ಕೊಳವೆಗೆ. ಅದರ ತಳದಲ್ಲಿ ಮೊದಲೇ ಒಂದು ಪಾಲು ಸಿಟ್ರೇಟ್ ಇರುತ್ತದೆ, ಮೇಲೆ ಒಂಬತ್ತು ಪಾಲು ರಕ್ತ. ರಕ್ತ ಹೆಪ್ಪುಗಟ್ಟದೆ ಲ್ಯಾಬ್ ತಲುಪುತ್ತದೆ. ಅಲ್ಲಿ ಅಳೆಯುವುದು ಫೈಬ್ರಿನ್ ಬಲೆಯ ತುಣುಕುಗಳನ್ನು. ಬಲೆ ಕಟ್ಟಿರಬೇಕು, ಆಮೇಲೆ ಪ್ಲಾಸ್ಮಿನ್ ಎಂಬ ಕತ್ತರಿ ಅದನ್ನು ತುಂಡರಿಸಿರಬೇಕು, ಆಗ ಮಾತ್ರ ಈ ತುಣುಕು ಹುಟ್ಟುತ್ತದೆ. ಸಾಮಾನ್ಯವಾಗಿ 500ರೊಳಗೆ ಇರಬೇಕಾದ ಅಂಕಿ ಕೆಲವರಲ್ಲಿ ಸಾವಿರಗಳನ್ನು ದಾಟಿರುತ್ತಿತ್ತು. ಕಣ್ಣಿಗೆ ಕಾಣದ ಆಳದಲ್ಲಿ ಮೈ ಒಂದು ಕೈಯಿಂದ ಕಾಲುವೆಗೆ ಮಣ್ಣು ಹಾಕುತ್ತ, ಇನ್ನೊಂದು ಕೈಯಿಂದ ಅದನ್ನೇ ಅಗೆದು ತೆಗೆಯುತ್ತಿದೆ ಎಂಬುದನ್ನು ಆ ಅಂಕಿ ಹೇಳುತ್ತಿತ್ತು. ಬದುಕಿ ಬಂದವರಲ್ಲಿ ಅದು ವಾರಗಟ್ಟಲೆ ಮೆಲ್ಲಮೆಲ್ಲನೆ ಇಳಿಯಿತು.